ನಿನ್ನ ಬಂದೂಕಿನ ಕಾಡತೂಸು

ಸ್ನೊಕ್ವಾಲ್ಮಿ ರಿಡ್ಜ್
ಶನಿವಾರ, ಅಕ್ಟೋಬರ್ ೪

ಪ್ರೀತಿಯ ಪುಟ್ಟಿ ಸ್ಪಂದನಾ,

ಹೇಗಿದ್ದೀಯ? ಬಲಭುಜ ಹೇಗಿದೆ? ಒಕನೋಗನ್ ಕಡೆ ಆಗಲೇ ಚಳಿ ಬಿದ್ದಿರಬೇಕು. ಚಳಿಗೆ ಸ್ಕ್ರೂ ಹಾಕಿದ ಜಾಗ ಜುಮ್ಮೆನ್ನುತ್ತದೆ ಎಂದು ಹೋದ ವರ್ಷ ನೀನೇ ಹೇಳಿದ್ದೆ. ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಸೈಕಲ್ಲಿನಿಂದ ಬಿದ್ದಾಗ ಭಾರ ಎತ್ತಬೇಡ ಎಂದಿದ್ದರು ಡಾಕ್ಟರು. ನೀನು ಜಿಂಕೆ ಹೊತ್ತುಕೊಂಡು ಬೆಟ್ಟ ಇಳಿಯುತ್ತೀಯ. ಬೈಯುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೆ. ಫೋನ್ ಮಾಡೋಣವೆಂದರೆ ನಿಮ್ಮ ಜಿಂಕೆ ಎಣಿಸುವ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ಸಿಕ್ಕರೂ ನಿಮ್ಮಪ್ಪ ಸ್ಪೀಕರಿಗೆ ಹಾಕು ಎನ್ನುತ್ತಾರೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ಮೈಸೂರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ ನಿನಗೆ ಮರೆತಿಲ್ಲವೆಂದು ನಂಬಿ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಬಂದೂಕಿನ ವಿಷಯ ಕೇಳಿದ್ದೆಯಲ್ಲ, ಅದನ್ನೇ ಹೇಳುತ್ತೇನೆ. ಕಾರ್ನೇಷನ್ ದಾಟಿದ ಮೇಲೆ ಒಂದು ಕೊಟ್ಟಿಗೆಯಂಥ ಜಾಗದಲ್ಲಿ ವೇಯ್ನ್ ಎನ್ನುವವನು ಬಂದೂಕು ಕಟ್ಟುತ್ತಾನೆ. ಹೋದ ವಾರ ನಿಮ್ಮಪ್ಪ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನಮ್ಮಪ್ಪನ ವಯಸ್ಸಿನವನು, ಮಾತು ಕಮ್ಮಿ. ಬಂದವರೆಲ್ಲ ಮೊದಲು ಮರದ ಹಿಡಿ ಆರಿಸುತ್ತಾರಂತೆ, ಆಮೇಲೆ ದುರ್ಬೀನು, ಕಡೆಗೆ ಕಾಡತೂಸು. ಅದು ತಿರುಗುಮುರುಗು ಎಂದ. ಕಾಡತೂಸು ಯಾವುದೆಂದು ತಿಳಿಯದೆ ನಳಿಗೆ ತರಿಸಲಾಗದು, ಕಾಡತೂಸನ್ನು ಒಳಗೆ ತಳ್ಳುವ ಬೋಲ್ಟೂ ತರಿಸಲಾಗದು. ಅಡುಗೆ ಏನೆಂದು ಗೊತ್ತಿಲ್ಲದೆ ಪಾತ್ರೆ ಒಲೆಗಿಟ್ಟ ಹಾಗೆ ಅಂದುಕೊಂಡೆ. ಅವನು ಮೂರೇ ಪ್ರಶ್ನೆ ಕೇಳಿದ: ಯಾವ ಪ್ರಾಣಿ, ಎಷ್ಟು ದೂರ, ಯಾರ ಭುಜ. ನನಗೆ ಮೂರಕ್ಕೂ ಉತ್ತರ ಗೊತ್ತಿತ್ತು. ನೀನೇ ಹೇಳಿದ್ದೆಯಲ್ಲ, ಹೆಚ್ಚಾಗಿ ಜಿಂಕೆ, ಹತ್ತಿರದಿಂದ, ಅದಕ್ಕೆ ಸೆವೆನ್ ಎಂಎಂ ಝೀರೋ ಏಟ್ ಎನ್ನುವ ಚಿಕ್ಕದೇ ಸಾಕು, ಅದರ ಒದೆತವನ್ನು ಭುಜ ತಡೆದುಕೊಳ್ಳುತ್ತದೆ ಎಂದು. ಜುಲೈಯಲ್ಲಿ ನಿಮ್ಮಪ್ಪ ಫೋನ್ ಮಾಡಿದಾಗ ಅವರಿಗೂ ನೀನು ಇದನ್ನು ಎರಡು ಸಲ ಹೇಳಿದ್ದೆ.

ಅವರು ವೇಯ್ನ್‌ಗೆ ಹೇಳಿದ್ದು ತ್ರೀ ಹಂಡ್ರೆಡ್ ವಿನ್ ಮ್ಯಾಗ್. ಕಡವೆಗಿಂತ ದೊಡ್ಡ ಎಲ್ಕನ್ನು ದೂರದ ಗುಡ್ಡದ ಮೇಲೆ ಮಲಗಿಸುವಂಥದು. ಅವನು ಎರಡೂ ಕಾಡತೂಸುಗಳನ್ನು ಮೇಜಿನ ಮೇಲೆ ನಿಲ್ಲಿಸಿ ತೋರಿಸಿದ. ದೊಡ್ಡದರ ಪಕ್ಕದಲ್ಲಿ ನಿನ್ನದು ಪಾಪ ಅನ್ನಿಸಿತು. ನಾನು ಹೇಳಿದೆ, ಅವಳ ಭುಜದಲ್ಲಿ ಸ್ಕ್ರೂ ಇದೆ ಎಂದು. ನಿಮ್ಮಪ್ಪ ನನ್ನ ಕಡೆ ನೋಡಲೂ ಇಲ್ಲ. "ಅಭ್ಯಾಸ ಆಗತ್ತೆ" ಎಂದರು.

ಈ ಮಾತನ್ನು ನಾನು ಹೊಸದಾಗಿ ಕೇಳಿದ್ದಲ್ಲ. ನನ್ನ ಬ್ಯಾಂಕಿನ ಕೆಲಸ ಬಿಡಿಸಿ ಈ ದೇಶಕ್ಕೆ ಕರೆದುಕೊಂಡು ಬಂದಾಗಲೂ ಅಭ್ಯಾಸ ಆಗತ್ತೆ ಎಂದಿದ್ದರು. ಈ ಬೆಟ್ಟದ ಬುಡದಲ್ಲಿ ಒಂಬತ್ತು ತಿಂಗಳು ಬಿಸಿಲಿಲ್ಲದೆ ಕೂತಾಗಲೂ ಅದೇ ಮಾತು. ನಿನಗೆ ಬೇಡದ ಕಂಪ್ಯೂಟರ್ ಸೈನ್ಸ್ ಹಿಡಿಸಿದಾಗಲೂ ಅದೇ. ನೀನು ಬಿಟ್ಟು ಕಾಡಿನ ಓದಿಗೆ ಹೋದೆ, ಬದುಕಿಕೊಂಡೆ. ನನಗೆ ನಿಜವಾಗಿಯೂ ಅಭ್ಯಾಸವಾಗಿಬಿಟ್ಟಿತು. ಅದೇ ನನಗೆ ಈಗ ಹೊಟ್ಟೆ ಉರಿಯುವ ವಿಷಯ.

ಇನ್ನೊಂದು ಹೊಟ್ಟೆ ಉರಿಯನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎರಡು ವರ್ಷದ ಕೆಳಗೆ ನೀನು ಊಟಕ್ಕೆ ಕೂತು, ನಾನೇ ಹೊಡೆದ ಜಿಂಕೆ ತಿಂದೆ ಎಂದಾಗ ನಿಮ್ಮಪ್ಪ ಎದ್ದು ಹೋದರು. "ಕೊಂದು ತಿನ್ನೋಳಿಗೆ ನನ್ನ ಮನೇಲಿ ಎಲೆ ಹಾಕಬೇಡ" ಎಂದರು. ಅವತ್ತಿನಿಂದ ನಿನ್ನ ತಟ್ಟೆ ಗರಾಜಿನ ಶೆಲ್ಫಿನಲ್ಲಿದೆ. ಅವತ್ತಿನಿಂದ ಪ್ರತಿ ಭಾನುವಾರ ನಾನು ಫೋನ್ ಮಾಡಿದ್ದೇನೆ, ಸಿಕ್ಕಿದರೆ ಸಿಕ್ಕೆ, ಇಲ್ಲದಿದ್ದರೆ ಇಲ್ಲ. ಒಂದು ದಿನವೂ ನೀನು ನನಗಾಗಿ ಅಳಲಿಲ್ಲ. ಜುಲೈಯಲ್ಲಿ ಅವರು ನಿನಗೆ ಒಂದೇ ಒಂದು ಸಲ ಫೋನ್ ಮಾಡಿದರು, ನಿನಗೊಂದು ಬಂದೂಕು ಕಟ್ಟಿಸಿಕೊಡುತ್ತೇನೆ, ದೀಪಾವಳಿಗೆ ಮನೆಗೆ ಬಾ ಎಂದರು. ನೀನು ನನಗೆ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತೆ. "ಅಮ್ಮಾ, ಅಪ್ಪಂಗೆ ಕಡೆಗೂ ನಾನು ಅರ್ಥ ಆದೆ" ಎಂದೆ. ನಾನು ಹೂಂ ಎಂದೆ. ಸಂತೋಷವಾಗಿದ್ದು ನಿಜ, ಒಳಗೆ ಕಹಿಯಾಗಿದ್ದೂ ನಿಜ.

ಮೊನ್ನೆ ಗುರುವಾರ ಅವರು ಫ್ರೀಮಾಂಟಿನ ಆಫೀಸಿಗೆ ಹೋದ ಮೇಲೆ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ವೇಯ್ನ್ ಹತ್ತಿರ ಹೋದೆ. ಚಿಕ್ಕದನ್ನೇ ಹಾಕಿ ಎಂದು ಕೇಳಿದೆ. ಆಗುವುದಿಲ್ಲ ಎಂದ. ದುಡ್ಡು ಕೊಡುವವರು ಹೇಳಬೇಕು, ಇಲ್ಲವೇ ಹೊಡೆಯುವವರು ಹೇಳಬೇಕು. ನಾನು ಎರಡೂ ಅಲ್ಲ. ಅವನ ತಪ್ಪೇನಿಲ್ಲ, ಮರ್ಯಾದೆಯಿಂದಲೇ ಹೇಳಿದ, ಕಾಫಿ ಕೊಟ್ಟ. ಸೋಮವಾರ ನಳಿಗೆಗೆ ಆರ್ಡರ್ ಕಳಿಸುತ್ತಾನಂತೆ, ಅಷ್ಟರೊಳಗೆ ನೀನೇ ಫೋನ್ ಮಾಡಿದರೆ ನಿನ್ನ ಮಾತು ಕೇಳುತ್ತಾನಂತೆ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಪಕ್ಕದ ಮನೆಯ ಮಧುರಾ ಇವತ್ತು ವಿಂತ್ರಾಪ್ ಕಡೆ ಹೊರಟಿದ್ದಾಳೆ, ಕ್ಯಾಂಪಿಗೇ ಬಂದು ನಿನ್ನ ಕೈಗೆ ಕೊಡುತ್ತಾಳೆ. ನಾಳೆ ಪಟ್ಟಣಕ್ಕೆ ಇಳಿದು ವೇಯ್ನ್‌ಗೆ ಫೋನ್ ಮಾಡು. ಅಪ್ಪನಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿರಬೇಡ.

ಮಧುರಾ ಕೈಯಲ್ಲಿ ಚಟ್ನಿಪುಡಿ, ಹುರಿಗಾಳು ಕಳಿಸಿದ್ದೇನೆ. ಹುರಿಗಾಳಿಗೆ ಉಪ್ಪು ಸ್ವಲ್ಪ ಮುಂದಾಗಿದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಭುಜ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅಮ್ಮ
(ಭಾನುಮತಿ)

ತಾ.ಕ.: ಕವರ್ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಮಧುರಾ ಕಾರ್ ಸ್ಟಾರ್ಟ್ ಮಾಡಿ ಕಾಯುತ್ತಿದ್ದಾಳೆ. ಇಷ್ಟು ಬರೆದು ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ನಿಮ್ಮಪ್ಪ ದೊಡ್ಡದೇ ಬೇಕೆನ್ನುವುದು ಯಾಕೆಂದು ಮೊನ್ನೆ ವೇಯ್ನ್ ಗೊತ್ತಿಲ್ಲದೆ ಬಾಯಿಬಿಟ್ಟ. ನಿಮ್ಮಪ್ಪನ ಆಫೀಸಿನ ದ್ವಾರಕಾನಾಥರ ಮಗ ವಿಜಯೇಂದ್ರನ ಬಂದೂಕು ಅದೇ ಕಾಡತೂಸಿನದಂತೆ. ಮದುವೆಯಾದ ಮೇಲೆ ಇಬ್ಬರಿಗೂ ಒಂದೇ ಇದ್ದರೆ ಅನುಕೂಲ ಎಂದು ನಿಮ್ಮಪ್ಪ ಹೇಳಿದರಂತೆ. ಜಾತಕ ಕೂಡಿಸಿದ ಹಾಗೆ ಕಾಡತೂಸು ಕೂಡಿಸಿದ್ದಾರೆ. ನಿನ್ನೆ ನಿಮ್ಮಪ್ಪನನ್ನೇ ಬಾಯಿಬಿಟ್ಟು ಕೇಳಿದೆ. "ಬೇಟೆ ಆಡೋ ಹುಡುಗೀನ ಇನ್ಯಾರು ಮಾಡ್ಕೋತಾರೆ ಭಾನು? ಅದೇ ಹುಚ್ಚಿರೋ ಹುಡುಗ ಸಿಕ್ಕಿದಾನೆ, ಪುಣ್ಯ" ಎಂದರು. ದೀಪಾವಳಿಗೆ ನಿನ್ನನ್ನು ಕರೆದದ್ದು ಅದಕ್ಕೇ. ಅವತ್ತು ದ್ವಾರಕಾನಾಥರ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ, ನಿನ್ನನ್ನು ನೋಡಿ ಮಾತು ಮುಗಿಸಿಕೊಂಡು ಹೋಗಲು. ಎರಡು ವರ್ಷದ ಮೇಲೆ ನೀನು ಮನೆಗೆ ಬರುತ್ತೀಯೆಂದು ನಿನ್ನ ರೂಮಿನ ಪರದೆಗಳನ್ನು ಒಗೆದು ಹಾಕಿದ್ದೇನೆ. ಆದರೂ ಹೇಳುತ್ತೇನೆ, ಈ ಹಬ್ಬಕ್ಕೆ ಬರಬೇಡ ಪುಟ್ಟಿ. ಬಂದವರಿಗೆ ನಾನು ಬಡಿಸಿ ಕಳಿಸುತ್ತೇನೆ.