ಅಮಾ ಅಂದರೆ ಶನಿವಾರ

ಸಾಲ್ಮಿಯಾ, ಭಾನುವಾರ

ಅಜ್ಜಿಗೆ ನಿಶ್ಮಿತಾಳ ನಮಸ್ಕಾರ.

ಬೆಳಿಗ್ಗೆ ಐದಕ್ಕೆ "ಅಮಾ! ಅಮಾ!" ಎಂಬ ಕೂಗಿಗೆ ಬೆಚ್ಚಿ ಎದ್ದೆ. ಹದಿನೈದು ದಿನದ ಕೂಸು ಅಮ್ಮಾ ಎಂದಿತೇ ಎಂದು ತೊಟ್ಟಿಲಿಗೆ ಓಡಿದರೆ ಅದು ಬಾಯಿ ತೆರೆದು ನಿದ್ದೆ ಮಾಡುತ್ತಿದೆ! ಕೂಗಿದ್ದು ಪಕ್ಕದ ಮನೆಯ ಘಾನಾ ದೇಶದ ನರ್ಸಿನ ತಾಯಿ, ಊರಿನಿಂದ ವಿಡಿಯೋ ಕಾಲಿನಲ್ಲಿ. ನರ್ಸಿನ ಹೆಸರೇ ಅಮಾ. "ನಮ್ಮಲ್ಲಿ ಶನಿವಾರ ಹುಟ್ಟಿದ ಹೆಣ್ಣಿಗೆ ಅಮಾ, ಶುಕ್ರವಾರದವಳಾದರೆ ಎಫುವಾ" ಎಂದು ಆಮೇಲೆ ಎದೆಯುಬ್ಬಿಸಿ ಹೇಳಿದಳು. ನಮ್ಮ ತುಳುವಿನಲ್ಲಿ ತನಿಯಾರು ಎಂಬ ನಿಮ್ಮ ಹೆಸರೂ ಶನಿವಾರದ್ದೇ ಎಂದೆ. "ಹಾಗಾದ್ರೆ ನಿನ್ನಜ್ಜಿಯೂ ಅಮಾನೇ!" ಎಂದು ಕುಣಿದೇಬಿಟ್ಟಳು.

ನಮ್ಮ ಕೂಸೂ ಶನಿವಾರದ್ದಲ್ಲವೇ? ಅದಕ್ಕೆ ನಿಮ್ಮ ಹೆಸರೇ ಇಡುತ್ತೇನೆ ಎಂದಾಗ "ಜನ ನಗಾಡುವ ಹೆಸರು ನನ್ನೊಟ್ಟಿಗೇ ಹೋಗ್ಲಿ ಮಾರಾಯ್ತಿ" ಎಂದಿದ್ದಿರಿ. ಇಲ್ಲಿ ಯಾರೂ ನಗಲಿಲ್ಲ ಅಜ್ಜಿ. ಇವರಂತೂ "ಶಾಲೆಯಲ್ಲಿ ತಾನಿಯಾ ಅಂತ ಕರೆದ್ರೆ ಭಾರೀ ಫ್ಯಾಷನ್ ಆಯ್ತು" ಎನ್ನುತ್ತಿದ್ದಾರೆ.

ನನ್ನ ಹೊಲಿಗೆ ಒಣಗಿದೆ, ಹಾಲಿಗೆ ಕೊರತೆಯಿಲ್ಲ, ನಿದ್ದೆಯೊಂದೇ ಇಲ್ಲ. ಕೂಸು ಸೀನಿದರೂ ಹೆದರುತ್ತೇನೆ.

ನಾಳೆ ಬೆಳಿಗ್ಗೆ ಜನನ ಪತ್ರಕ್ಕೆ ಹೆಸರು ಕೊಡಬೇಕು. ಫೋನಿನಲ್ಲಿ ಕೇಳಿದರೆ ಬೈದು ಇಟ್ಟುಬಿಡುತ್ತೀರಿ. ಅದಕ್ಕೇ ಇಂದಿನ ವಿಮಾನಕ್ಕೆ ಊರಿಗೆ ಹೊರಟ ನಿಸಾರಣ್ಣನ ಕೈಯಲ್ಲಿ ಈ ಕಾರ್ಡು, ರಾತ್ರಿಯೊಳಗೆ ಮುಟ್ಟಿಸುತ್ತಾರೆ. ನೀವು ಹೂಂ ಎನ್ನದೆ ನಾನು ಬರೆಸುವುದಿಲ್ಲ. ಬೆಳಗಾಗುವ ಮೊದಲು ಫೋನ್ ಮಾಡಿ ಅಜ್ಜಿ, ನಡುರಾತ್ರಿಯಾದರೂ ಸರಿ, ಬೈಯುವುದಕ್ಕಾದರೂ ಸರಿ, ಮಾಡಿ!

ನಿಶ್ಮಿತಾ