ಬಲತೋಳಿಗೆ ಬಂದ ತಾಯತ

ಅಳತೆಪಟ್ಟಿಯ ಇದಿಲ್ ತಂಗಿಗೆ,

ಬೈದೋವಾದ ನಿರಾಶ್ರಿತರ ಶಿಬಿರದಿಂದ ಪುಟ್ಟ ಸಗಲ್‌ಳ ಅಪ್ಪ ಸಮತರ್ ಮಾಡುವ ಸಲಾಮು. ಮದರಸೆಯನ್ನು ಅರ್ಧಕ್ಕೆ ಬಿಟ್ಟವನ ಅಕ್ಷರ ನಿನಗೆ ತಿಳಿಯುತ್ತದೋ ಇಲ್ಲವೋ ಎಂಬ ಭಯ.

ನಿನಗಿಂತ ಮೊದಲು ಬಂದವರು ಮಗುವಿನ ಎಡತೋಳಿನ ಚರ್ಮದ ತಾಯತದ ಮೇಲೆಯೇ ತೋಳಿನ ದಪ್ಪ ಅಳೆಯುವ ಪಟ್ಟಿ ಸುತ್ತಿ, ಹಸಿರು ಬಂತು, ಚೆನ್ನಾಗಿದ್ದಾಳೆ ಎಂದು ಹೋಗಿದ್ದರು. ನೀನು ಬಂದಾಗ ನನ್ನ ಅಮ್ಮ, "ತಾಯತ ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಗದರಿದಳು. ನೀನು ನಕ್ಕೆ. "ನಾವು ಊರನ್ನೇ ಬದಲಾಯಿಸಿದ್ದೀವಿ ಅಜ್ಜಿ, ತಾಯತ ಕೈ ಬದಲಾಯಿಸಿದ್ರೆ ದೇವರು ಬೈತಾನಾ?" ಎಂದೆ. ಕೈ ತೊಳೆದು, ಬಿಸ್ಮಿಲ್ಲಾ ಹೇಳಿ, ಅದನ್ನು ಬಲತೋಳಿಗೆ ಕಟ್ಟಿ ಅಳೆದೆ. ಪಟ್ಟಿ ತೀರಾ ಸೊರಗಿದವರ ಕೆಂಪಿಗೆ ಬಂತು. ನೀನು ಆಗಲೇ ಕಡಲೆಕಾಯಿ ಪೇಸ್ಟಿನ ಪೊಟ್ಟಣ ಬಿಡಿಸಿ ಬಾಯಿಗಿಟ್ಟೆ.

ಈಗ ಚೇತರಿಸಿಕೊಂಡ ಸಗಲ್ ಅಜ್ಜಿಯ ಶಾಲು ಎಳೆದು ಬೈಸಿಕೊಳ್ಳುತ್ತಾಳೆ. "ಪೊಟ್ಟಣದ್ದಲ್ಲ ಕಣೋ, ಆ ಹುಡುಗಿ ಕೈಗುಣ," ಎನ್ನುತ್ತಾಳೆ ಅಮ್ಮ. ಗುಡಾರದಿಂದ ಗುಡಾರಕ್ಕೆ ಹೋಗಿ, ಗದರಿಸಿ, ಎಲ್ಲ ಮಕ್ಕಳ ತಾಯತವನ್ನೂ ಬಲತೋಳಿಗೆ ಕಟ್ಟಿಸಿದ್ದಾಳೆ.

ನನಗೀಗ ಅದೇ ಚಿಂತೆ. ಮುಂದೆ ಬರುವವರು ಬಲತೋಳನ್ನೇ ತಾಯತದ ಮೇಲೆ ಅಳೆದು, ಮತ್ತೆ ಸುಳ್ಳು ಹಸಿರು ಬಂದರೆ? ಗುರುವಾರದ ಅಳತೆಗೆ ನೀನೇ ಬಾ ತಂಗಿ. ಆಗದಿದ್ದರೆ, ಎಡತೋಳು ಎಂದು ಅವರಿಗೆ ಹೇಳಿ ಕಳಿಸು.

ದಾರಿ ನೋಡುತ್ತಿರುವ ಅಣ್ಣ,
ಸಮತರ್