ತಮ್ಮ ಕೊಟ್ಟ ಬಾಟಲಿ

ಲೋ ತಮ್ಮಾ,

ನಿನ್ನೆ ಡಾಕ್ಟರಮ್ಮ ವರದಿ ನೋಡಿ, "ವೈರಸ್ ಪೂರ್ತಿ ಹೋಯ್ತಮ್ಮಾ" ಎಂದರು. ಆ ಖುಷಿಯಲ್ಲಿ ಗಿರಾಕಿಯ ಅಂಗಿಗೆ ಎರಡೂ ಎಡತೋಳು ಹೊಲಿದುಬಿಟ್ಟೆ!

ಮೂವತ್ತೈದು ವರ್ಷದಿಂದ ನೀವೆಲ್ಲ ಸೋಮಾರಿತನ ಎಂದು ನಗುತ್ತಿದ್ದ ನನ್ನ ಸುಸ್ತು ಹೆಪಟೈಟಿಸ್ ಸಿ ಆಗಿತ್ತು. ಸದ್ದಿಲ್ಲದೆ ಲಿವರನ್ನು ಅರ್ಧ ಗಟ್ಟಿ ಮಾಡಿದ್ದ ಅದು ಹನ್ನೆರಡು ವಾರದ ಮಾತ್ರೆಗೆ ಸೋತುಹೋಯಿತು.

ಮೂವತ್ತೈದು ವರ್ಷದ ಹಿಂದೆ ಹೆರಿಗೆಯಲ್ಲಿ ನನಗೆ ರಕ್ತ ಕೊಟ್ಟವನು ನೀನೊಬ್ಬನೇ. ಜಗಳವಾದಾಗಲೆಲ್ಲ "ನಿನ್ ಮೈಲಿ ಓಡ್ತಿರೋದು ನನ್ ರಕ್ತ ಕಣೇ" ಎನ್ನುತ್ತೀಯಲ್ಲ, ರೋಗವೂ ಅದರಲ್ಲೇ ಬಂದಿರಬೇಕಂತೆ. ಆಗ ಅದಕ್ಕೆ ಪರೀಕ್ಷೆಯೇ ಇರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಆ ಬಾಟಲಿ ಇಲ್ಲದಿದ್ದರೆ ನಾನೇ ಇರುತ್ತಿರಲಿಲ್ಲ.

ಈಗ ನೀನೂ ಮಧ್ಯಾಹ್ನಕ್ಕೇ ಸುಸ್ತಾಗಿ ಮಲಗುತ್ತೀಯಂತೆ. ಸೋಮವಾರ ಬಾ, ಪರೀಕ್ಷೆ ಮಾಡಿಸೋಣ. ನನಗೆ ತುಂಬು ಬಾಟಲಿ ಕೊಟ್ಟವನು ಡಾಕ್ಟರಮ್ಮನಿಗೊಂದು ಚಮಚ ಕೊಡಲಾರೆಯಾ?

ನಿನ್ನದೇ ರಕ್ತದ,
ಅಕ್ಕ